ತಿರುಗಿಸಿದರೆ ನಿಲ್ಲದ ಮಾತು

ಮಾತಾಡಬೇಕಾದರೆ ಮಾಸ್ಟ್ರು ಕುತ್ತಿಗೆಯ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕಿತ್ತು. ಕ್ಯಾನ್ಸರ್ ಆಗಿ ಗಂಟಲಿನ ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರ ಉಸಿರೆಲ್ಲ ಅಲ್ಲಿಂದಲೇ. ಬೆರಳು ಒತ್ತಿದರೆ ಗರಗಸ ಎಳೆದ ಹಾಗೆ ಸ್ವರ ಬರುತ್ತಿತ್ತು, ತೆಗೆದರೆ ಬರೀ ಗಾಳಿ. ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿದವರು, ಫಳ್ನೀರಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ನಾನು ಕೊಟ್ಟಾರದಿಂದ ಬಸ್ಸಿನಲ್ಲಿ ಹೋಗಿ ಅವರಿಗೆ ಅಡುಗೆ ಮಾಡಿಡುತ್ತಿದ್ದೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಈಗ ಬರೆಯಲು ಕುಳಿತದ್ದು ಸಂತೋಷ ಎದೆಯಲ್ಲಿ ಹಿಡಿಸದೆ. ಮೊಮ್ಮಗಳು ಇವತ್ತು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದಳು. ಇಡೀ ಬಿಲ್ಡಿಂಗಿಗೆ ಹೇಳಿ ಬಂದೆ. ಹೇಳಲೇಬೇಕಾದವರು ಒಬ್ಬರು ಇಲ್ಲ.

ನಾನು ಮೀನು ಕೊಯ್ಯುವಾಗ ಅವರು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಬಂಗುಡೆ ಎಲ್ಲ ಮೀನು. ಹೌದಾ?"

"ಹೌದು ಸರ್."

"ಈಗ ತಿರುಗಿಸು. ಮೀನೆಲ್ಲ ಬಂಗುಡೆ?"

"ಹಾಗಾದ್ರೆ ಬೂತಾಯಿ ಎಂತ, ತರಕಾರಿಯಾ?"

ನಕ್ಕರೆ ಅವರಿಗೆ ತೂತಿನಿಂದ ಕಫ ಹಾರುತ್ತಿತ್ತು; ಒರೆಸಿಕೊಂಡು ಮತ್ತೆ ನಗುವರು. ಮೊದಲು ಒಪ್ಪಿಕೊಂಡ ಮಾತು ಆಧಾರವಾಕ್ಯ, ಅದರಿಂದ ಎಳೆದದ್ದು ನಿರ್ಣಯ. ಆಧಾರವಾಕ್ಯ ಕೊಡದ್ದನ್ನು ನಾವಾಗಿ ಎಳೆದುಕೊಳ್ಳಬಾರದು. ಅವರು ನನಗೆ ಕಲಿಸಿದ್ದು ಇಷ್ಟೇ.

ನೋಡಲು ಬಂದವರು, "ಒಂದು ಬೀಡಿ ಸೇದಿದವರಲ್ಲ, ನಿಮಗೆ ಹೇಗೆ ಬಂತು?" ಎಂದರೆ ಮಾಸ್ಟ್ರಿಗೆ ಸಿಟ್ಟು ಬರುತ್ತಿತ್ತು. "ಸೇದಿದ್ರೆ ಬರ್ತದೆ ಅಂತ ಬೋರ್ಡ್ ಉಂಟು. ಸೇದದಿದ್ರೆ ಬರುವುದಿಲ್ಲ ಅಂತ ಯಾವ ಬೋರ್ಡಲ್ಲಿ ಉಂಟು ಮಾರಾಯ?" ಅಂಥವರು ಇನ್ನೊಮ್ಮೆ ಬರುತ್ತಿರಲಿಲ್ಲ.

ಬಸುರಿಯಾಗಿದ್ದ ನನ್ನ ಮಗಳ ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಹೃದಯದ ಮೇಲೆ ಬಿಳಿ ಚುಕ್ಕೆ ಕಂಡಿತು. ಬುದ್ಧಿ ಬೆಳೆಯದ ಮಕ್ಕಳಲ್ಲಿ ಇಂಥ ಚುಕ್ಕೆ ಇರುತ್ತದೆ ಎಂದು ಡಾಕ್ಟರು ಹೇಳಿದರು. ಆಮೇಲೆ ಅವರು ಹೇಳಿದ್ದು ಯಾವುದೂ ನಮ್ಮ ಕಿವಿಗೆ ಹೋಗಲಿಲ್ಲ. ಮಗಳ ಅತ್ತೆ ಬಯಕೆ ಸಮಾರಂಭಕ್ಕೆ ಬುಕ್ ಮಾಡಿದ್ದ ಹಾಲ್ ರದ್ದು ಮಾಡಿಸಿದರು. "ಚುಕ್ಕೆ ಉಂಟಲ್ಲ, ಮತ್ತೆಂತ ನೋಡ್ಲಿಕ್ಕೆ? ತೆಗೆಸುವುದೇ ಒಳ್ಳೇದು." ಗಲ್ಫಿನಲ್ಲಿದ್ದ ಅಳಿಯ ಫೋನಿನಲ್ಲಿ ತಾಯಿ ಹೇಳಿದ ಹಾಗೆ ಮಾಡಿ ಎಂದ. ಸೋಮವಾರಕ್ಕೆ ಎಂದು ನಿಶ್ಚಯವಾಯಿತು.

ಮರುದಿನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಮಾಸ್ಟ್ರು ಕೇಳಿದರು, ಅತ್ತುಕೊಂಡು ಹೇಳಿದೆ.

"ಡಾಕ್ಟರ್ ಹೇಳಿದ್ದನ್ನು ಮಾತ್ರ ಹೇಳು. ನಿನ್ನದು ಸೇರಿಸಬೇಡ."

ಹೇಳಿದೆ. ಅವರು ದೊಡ್ಡ ತಟ್ಟೆಯೊಳಗೆ ಲೋಟದ ಮುಚ್ಚಳ ಇಟ್ಟರು.

"ಕಾಯಿಲೆಯ ಮಕ್ಕಳು ಈ ಮುಚ್ಚಳ. ಚುಕ್ಕೆ ಇರುವ ಮಕ್ಕಳು ಇಡೀ ತಟ್ಟೆ. ನಿಮ್ಮ ಮಗು ತಟ್ಟೆಯಲ್ಲಿ ಉಂಟು. ಮುಚ್ಚಳದಡಿ ಉಂಟಾ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲದೆ ಸೋಮವಾರ ಎಂತ ಮಾಡ್ಲಿಕ್ಕೆ ಹೋಗ್ತೀರಿ?"

"ಹಾಗಾದ್ರೆ ಮಗು ಸರಿ ಉಂಟಾ?"

ಬೆರಳು ಜಾರಿ ಗಾಳಿ ಹೋಯಿತು. ಮತ್ತೆ ಒತ್ತಿದರು. "ಆ ನಿರ್ಣಯವೂ ಇದರಿಂದ ಬರುವುದಿಲ್ಲ. ನಾನು ಸಮಾಧಾನ ಹೇಳ್ತಾ ಇಲ್ಲ. ಚುಕ್ಕೆ ಇದ್ದವರಿಗೆಲ್ಲ ಕಾಯಿಲೆ ಇರ್ತದಾ ಅಂತ ಡಾಕ್ಟರ ಹತ್ತಿರ ಕೇಳು. ಈಗಲೇ ಹೋಗು, ಪಾತ್ರೆ ಇರಲಿ."

ಎಲ್ಲರಿಗೂ ಇರುವುದಿಲ್ಲ, ಹೆಚ್ಚಿನವರಿಗೆ ಏನೂ ಇರುವುದಿಲ್ಲ ಎಂದರು ಡಾಕ್ಟರು. ಬೇಕಿದ್ದರೆ ಗರ್ಭದ ನೀರು ತೆಗೆದು ನೋಡಬಹುದು, ಅದರಲ್ಲಿಯೂ ಸ್ವಲ್ಪ ಅಪಾಯ ಉಂಟು ಎಂದೂ ಹೇಳಿದರು. ಮಗಳು ಸೂಜಿಗೆ ಹೊಟ್ಟೆ ಕೊಟ್ಟಳು. ಸೋಮವಾರ ಮುಂದೆ ಹೋಯಿತು.

ರಿಪೋರ್ಟಿಗೆ ಕಾಯುವ ದಿನಗಳಲ್ಲೇ ಮಾಸ್ಟ್ರಿಗೆ ಕುತ್ತಿಗೆಯ ತೂತಿನಿಂದ ರಕ್ತ ಬಂದು ಆಸ್ಪತ್ರೆಗೆ ಸೇರಿಸಿದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಇಳಿದಿತ್ತು. ಗಂಜಿ ತೆಗೆದುಕೊಂಡು ಹೋದಾಗಲೆಲ್ಲ ಹುಬ್ಬು ಎತ್ತುತ್ತಿದ್ದರು, ಬಂತಾ ಎಂಬಂತೆ. "ಇಲ್ಲ ಸರ್" ಎನ್ನುತ್ತಿದ್ದೆ. ಸುಳ್ಳು ಹೇಳಿ ಸಂತೋಷಪಡಿಸಬಹುದಿತ್ತು, ಅವರೆದುರು ಆಗಲಿಲ್ಲ. ಗುರುವಾರ ಬೆಳಿಗ್ಗೆ ತೀರಿಹೋದರು. ರಿಪೋರ್ಟ್ ಬಂದದ್ದು ಶನಿವಾರ. ಮಗುವಿಗೆ ಕಾಯಿಲೆ ಇರಲಿಲ್ಲ.

ಮೊಮ್ಮಗಳನ್ನು ಉಳಿಸಿದ್ದು ನೀವು ಎಂದರೆ ಅವರು ಒಪ್ಪುತ್ತಿರಲಿಲ್ಲ, ಆ ನಿರ್ಣಯಕ್ಕೆ ಆಧಾರವಾಕ್ಯ ಎಲ್ಲಿ ಎಂದು ಬೈಯುತ್ತಿದ್ದರು. ಅವರಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ಸ್ಕ್ಯಾನಿನ ದಿನ ಹೊರಗಿನ ಬೆಂಚಿನಲ್ಲಿ ಮಗಳ ಕೈ ಹಿಡಿದು "ತೆಗೆಸು" ಎಂದು ಮೊದಲು ಹೇಳಿದ್ದು ಅವಳ ಅತ್ತೆಯಲ್ಲ, ನಾನು. ಆ ಮಾತು ಆಡಿದ ಬಾಯಿಗೇ ಮೊಮ್ಮಗಳು ಈಗ ತನ್ನ ತಟ್ಟೆಯ ಅನ್ನ ಹಿಡಿದು ತುರುಕುತ್ತಾಳೆ. ನುಂಗುವವರೆಗೆ ಬಿಡುವುದಿಲ್ಲ.