ನೀರಿನ ಹಾದಿಗೆ ಹೊಸ್ತಿಲಿಟ್ಟ ಕಾಳಪ್ಪ

ರಾಮದುರ್ಗದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಾಳಪ್ಪ ಬಡಿಗೇರ ತಮ್ಮ ತಗಡಿನ ಶೆಡ್ಡಿನಲ್ಲಿ ಕುಳಿತು ಸಾಗವಾನಿ ಪೆಟ್ಟಿಗೆಯೊಂದರ ಒಳಮೈ ತಿಕ್ಕುತ್ತಿದ್ದಾರೆ. ಆಗಾಗ ಕಣ್ಣು ಮುಚ್ಚಿ ಬೆರಳಾಡಿಸುತ್ತಾರೆ. ಕೂದಲೆಳೆಯಷ್ಟು ಏರು ಸಿಕ್ಕರೂ ಮತ್ತೆ ತಿಕ್ಕಾಟ.

“ಚಾ ಆರಿ ತಣ್ಣೀರಾತು. ಇವತ್ತ ಮನೋಳಿಗಿ ಹೋಗಬೇಕಂತ ಜೀವಕ್ಕ ಸಮಾಧಾನ ಇಲ್ಲ ನೋಡ್ರಿ ಇವರಿಗಿ,” ಎಂದು ಹೆಂಡತಿ ಬಾಯವ್ವ, ಇವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಮುಂದೆ ದೂರುತ್ತಾರೆ.

ಇಂಥ ಪೆಟ್ಟಿಗೆಯಲ್ಲಿ ಉಸುಕು ತುಂಬಿ ಗಟ್ಟಿ ಮಾಡುತ್ತಾರೆ. ಬೆಳಗಾವಿಯ ಫೌಂಡ್ರಿಯಲ್ಲಿ ಆ ಗಟ್ಟಿಯ ಸುತ್ತ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಆರಿದ ಮೇಲೆ ಉಸುಕು ಉದುರಿಸಿದರೆ ಉಳಿಯುವ ಪೊಳ್ಳೇ ಗೇಟ್ ವಾಲ್ವಿನೊಳಗೆ ನೀರು ಹರಿಯುವ ಹಾದಿ. ಮೇಲಿನ ಚಕ್ರ ತಿರುವಿದರೆ ಕಬ್ಬಿಣದ ಕದ ಇಳಿದು ಆ ಹಾದಿ ಮುಚ್ಚುತ್ತದೆ. ಬೈಲಹೊಂಗಲ, ಕಿತ್ತೂರಿನ ಪೈಪುಗಳಲ್ಲೂ ಇವರ ಕೈಕೆಲಸವಿದೆ. ಎಲ್ಲವೂ ಒಳಗೇ ಇರುವುದರಿಂದ ಹೊಗಳುವವರು ಮಾತ್ರ ಯಾರೂ ಇಲ್ಲ.

ಮೊದಲು ಇವರು ಮನೆ ಬಾಗಿಲು ಮಾಡುತ್ತಿದ್ದರು. ಆ ಕೆಲಸದ ನಯ ಕಂಡು 1997ರಲ್ಲಿ ಫೌಂಡ್ರಿ ಮಾಲೀಕ ಶ್ರೀಶೈಲ ಇವರ ಕೈಗೆ ವಾಲ್ವಿನ ನಕ್ಷೆ ಕೊಟ್ಟರು. ನೋಡಿದರೆ ಕದವಿದೆ, ಕೆಳಗೆ ಹೊಸ್ತಿಲೇ ಇಲ್ಲ, ತಳವೆಲ್ಲ ಸಪಾಟು! ಬರೆದವರು ಮರೆತಿರಬೇಕೆಂದು ಕಾಳಪ್ಪ ಬೆರಳು ದಪ್ಪದ ಹೊಸ್ತಿಲೊಂದನ್ನು ತಾವೇ ಸೇರಿಸಿಬಿಟ್ಟರು.

“ಹೊಸ್ತಿಲಾ ಇಲ್ಲದ ಬಾಗಲಾ ಯಾವ ಬಡಿಗ್ಯಾ ಮಾಡತಾನ್ರಿ?” ಎಂದು ಈಗ ಹೊಟ್ಟೆ ಹಿಡಿದು ನಗುತ್ತಾರೆ. “ಕುಂಕುಮ ಹಚ್ಚೂದೊಂದ ಬಾಕಿ ಇತ್ತು!”

ಆ ವಾಲ್ವು ಮನೋಳಿಯ ರೈತರು ಮಲಪ್ರಭೆಯಿಂದ ಎಳೆದ ಪೈಪಿಗೆ ಕೂತಿತು. ಹೊಳೆಯ ಉಸುಕು ಹೊಸ್ತಿಲಿಗೆ ತಡೆದು ಅಲ್ಲೇ ಸೇರಿಕೊಂಡಿತು, ಕದ ಪೂರ್ತಿ ಇಳಿಯಲಿಲ್ಲ. ಬೇರೆಯವರ ಪಾಳಿಯ ನೀರೂ ಅಲ್ಲಿನ ರೈತ ಹೆಂಗಸು ಶಟ್ಟೆವ್ವನ ಹೊಲಕ್ಕೆ ನುಗ್ಗಿ ಉಳ್ಳಾಗಡ್ಡಿಯೆಲ್ಲ ಕೊಳೆಯಿತು. ರಾಮದುರ್ಗದ ಬಡಿಗನ ವಾಲ್ವು ತನ್ನ ಹೊಲದ ಹತ್ತಿರ ಸುಳಿಯಬಾರದೆಂದು ಆಕೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಶ್ರೀಶೈಲ ಬೈಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ನಕ್ಷೆ ಓದಲು ಕಲಿಸಿದರು.

ಅದಾಗಿ ಏಳು ವರ್ಷ. ಶ್ರೀಶೈಲ ಮನೋಳಿಗೆ ನಾಲ್ಕಾರು ಸಲ ಓಡಾಡಿ ಆಕೆಯನ್ನು ಒಪ್ಪಿಸಿದ್ದಾರೆ. ಕಾಳಪ್ಪನ ಹೊಸ ವಾಲ್ವಿಗೆ ಇವತ್ತು ಅದೇ ಹೊಲದಲ್ಲಿ ಪರೀಕ್ಷೆ. “ಈ ಸಲ ಸೋರಿತಂದ್ರ ನಾ ಮತ್ತ ಪೆಟಗಿ ಮುಟ್ಟಾಂವಲ್ರಿ,” ಎಂದು ಬಸ್ಸಿನಲ್ಲಿ ಹೇಳುತ್ತಾರೆ.

ಪಂಪು ಶುರುವಾಗುತ್ತದೆ. ಶಟ್ಟೆವ್ವ ಸೆರಗು ಸಿಕ್ಕಿಸಿ ತಾವೇ ಚಕ್ರ ತಿರುವುತ್ತಾರೆ. ಧಾರೆ ಸಣ್ಣದಾಗಿ, ಎಳೆಯಾಗಿ, ನಿಲ್ಲುತ್ತದೆ. ಪೈಪಿನ ಬಾಯಿಗೆ ಅಂಗೈ ಒಡ್ಡಿ ಆಕೆ ಬಹಳ ಹೊತ್ತು ಕಾಯುತ್ತಾರೆ. ಒಂದು ಹನಿಯೂ ಇಲ್ಲ. ಕಾಳಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸುತ್ತದೆ.

“ಆತ್ ತಗೋಪಾ,” ಅಂದವರೇ ಶಟ್ಟೆವ್ವ ಕುರುಪಿ ಎತ್ತಿಕೊಂಡು ಉಳ್ಳಾಗಡ್ಡಿಯ ಕಳೆ ತೆಗೆಯಲು ನಡೆಯುತ್ತಾರೆ. ನನಗೋ ನಿರಾಸೆ. ಇಷ್ಟಕ್ಕೆ ಒಂದು ಶಹಬ್ಬಾಸ್ ಆದರೂ ಬೇಡವೇ?

ಕಾಳಪ್ಪನ ಮುಖ ಮಾತ್ರ ಅರಳಿದೆ. ನನ್ನ ಮೊಳಕೈ ಹಿಡಿದು ಹೊಲದ ಕಡೆ ತೋರಿಸುತ್ತಾರೆ. “ಅಲ್ಲಿ ನೋಡ್ರಿ ಸಾಹೇಬ್ರ. ಪಂಪ ಓಡಾಕ ಹತ್ತೈತಿ, ಆದ್ರೂ ಯವ್ವ ವಾಲ್ವಿನ ಕಡೆ ಹಿಂದ ಹೊಳ್ಳಿ ಸೈತ ನೋಡವಲ್ಲಳು. ನನಗ ಇನ್ನೇನ್ ಬೇಕ್ರಿ?”