ಪುಕ್ಕಲಕ್ಕನೂ ಪ್ರೆಸ್ಸಿನ ಕಣ್ಣೂ

ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಪುಕ್ಕಲಕ್ಕ. ಕುಕ್ಕರ್ ಕೂಗಿದರೆ ಅಡುಗೆಮನೆಯಿಂದ ಓಡುವ, ಹಲ್ಲಿ ಕಂಡರೆ ಮಂಚ ಹತ್ತುವ ಹೆಂಗಸಿಗೆ ಇನ್ನೇನು ಹೆಸರು ಒಪ್ಪೀತು! ಅಂಥವಳು ತಗಡು ಅದುಮುವ ಪ್ರೆಸ್ಸಿನ ಮುಂದೆ ವರ್ಷಗಟ್ಟಲೆ ದುಡಿದು ತಂಗಿಯನ್ನು ಸಾಕಿದಳು. ತಗಡು ಕೂರಿಸಿ, ಕೈ ಹೊರಗೆ ತೆಗೆದು, ಆಮೇಲೆ ಪೆಡಲ್ ತುಳಿಯಬೇಕು. ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು. ಹಾಗೆ ಹೆದರಿದ್ದರಿಂದಲೇ ಅವಳ ಬೆರಳುಗಳು ಉಳಿದಿವೆಯೆಂದು ನಗುವವರಿಗೆ ಹೊಳೆಯಲೇ ಇಲ್ಲ.

ಪ್ರೆಸ್ಸಿಗೊಂದು 'ಕಣ್ಣು' ಇತ್ತು. ಒಳಗೆ ಕೈಯಿದ್ದರೆ ಯಂತ್ರವನ್ನು ತಡೆದು ನಿಲ್ಲಿಸುವ ಬೆಳಕು ಅದು. ಅದರ ಕೀಲಿ ನೆಟ್ಟಗಿದ್ದರೆ ಕಣ್ಣು ತೆರೆದಂತೆ, ಅಡ್ಡವಾದರೆ ಮುಚ್ಚಿದಂತೆ. ತೆರೆದರೆ ಕೆಲಸ ನಿಧಾನವೆಂದು ಮೇಸ್ತ್ರಿ ಮುಚ್ಚಿಯೇ ಇಡುತ್ತಿದ್ದ. ಮಾಲು ಕೊಳ್ಳುವ ಕಂಪನಿಯಿಂದ ಸುರಕ್ಷತೆಗೆ ಅಂಕ ಕೊಡುವವರು ಬರುವ ವಾರ ಮಾತ್ರ ಕಣ್ಣು ತೆರೆಯುತ್ತಿತ್ತು, ಹೊಸ ಕೈಗವಸು ಬರುತ್ತಿತ್ತು, ಬಾಗಿಲಿಗೆ ಅಡ್ಡವಿದ್ದ ಪೆಟ್ಟಿಗೆಗಳು ಮಾಯವಾಗುತ್ತಿದ್ದವು.

ತಂಗಿ ಕೆಲಸಕ್ಕೆ ಸೇರಿದ್ದು ಅದೇ ವಾರ. ಕಲಿತದ್ದೂ ಆ ವಾರದ ಪಾಠವನ್ನೇ: ಪೆಡಲ್ ಮೇಲಿನ ಕಾಲು ಎತ್ತಬೇಕಿಲ್ಲ, ಕೈ ಹೊರಬರುವವರೆಗೆ ಯಂತ್ರ ಕಾಯುತ್ತದೆ.

"ಕಾಲು ತೆಗಿಯೇ, ನಿನ್ನ ದಮ್ಮಯ್ಯ," ಎಂದಳು ಅಕ್ಕ.

"ಕಣ್ಣಿದೆಯಲ್ಲಕ್ಕ! ಎಷ್ಟು ಹೆದರ್ತೀಯೆ?"

ಅಂಕ ಕೊಡುವವರು ಬಂದು ಪುಕ್ಕಲಕ್ಕನನ್ನೇ ಕೇಳಿದರು: "ಇದು ದಿನಾ ಹೀಗೇ ಇರುತ್ತೇನಮ್ಮಾ?"

ಅವರ ಬೆನ್ನ ಹಿಂದೆ ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿ ನಿಂತಿದ್ದ. ತಂಗಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

"ಹೂಂ ಸರ್. ದಿನಾ."

ಅವರು ಚಹಾ ಕುಡಿಯಲು ಆಫೀಸಿಗೆ ಹೋದದ್ದೇ ತಡ, ಮೇಸ್ತ್ರಿ ಸಾಲಿನುದ್ದಕ್ಕೂ ಕೀಲಿ ಅಡ್ಡ ತಿರುಗಿಸುತ್ತ ನಡೆದ. ತಂಗಿ ತಗಡು ತರಲು ಹೋಗಿದ್ದಳು, ಅವಳಿಗೆ ಇದು ಗೊತ್ತಿಲ್ಲ. ಪುಕ್ಕಲಕ್ಕ ತಿರುಗಿ ನೋಡುವಷ್ಟರಲ್ಲಿ ತಂಗಿ ಮರಳಿ ಕೂತು ತಗಡಿನೊಂದಿಗೆ ಕೈ ಒಳಗಿಟ್ಟಿದ್ದಳು. ಕಾಲು ಪೆಡಲಿನತ್ತ ಹೋಗುತ್ತಿತ್ತು. ಅಕ್ಕ ಕಿರುಚಿದ್ದು ಆ ಗದ್ದಲದಲ್ಲಿ ಅವಳಿಗೇ ಕೇಳಿಸಲಿಲ್ಲ. ಕಂಬದ ಮೇಲಿನ ಕೆಂಪು ಗುಂಡಿಗೆ ಎರಡೂ ಕೈಯಿಂದ ಗುದ್ದಿದಳು. ಇಡೀ ಸಾಲು ನಿಂತಿತು.

ತಂಗಿಯ ಕಾಲು ಪೆಡಲ್ ತುಳಿಯಿತು. ಯಂತ್ರ ಅಲ್ಲಾಡಲಿಲ್ಲ.

"ನೋಡಿದ್ಯಾ ಅಕ್ಕ?" ತಂಗಿ ನಕ್ಕಳು. "ಕಣ್ಣು ನಿಲ್ಲಿಸಿಬಿಡ್ತು!"

ಪುಕ್ಕಲಕ್ಕ ಓಡಿಬಂದು ಆ ಕೈಯನ್ನು ಹೊರಗೆಳೆದು ಎದೆಗೆ ಒತ್ತಿಕೊಂಡಳು. ಗದ್ದಲ ನಿಂತದ್ದಕ್ಕೆ ಅಂಕ ಕೊಡುವವರು ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಯಾಕೆ ನಿಂತಿತು?"

"ಇವಳು ಪುಕ್ಕಲಿ ಸರ್," ಮೇಸ್ತ್ರಿ ಹಲ್ಲುಕಿರಿದ. "ಸುಮ್‌ಸುಮ್ನೆ ಹೆದರ್ತಾಳೆ."

"ಹೌದು ಸರ್, ಹೆದರ್ತೀನಿ," ಎಂದಳು ಅವಳು. "ಆಗಲೂ ಹೆದರ್ಕೊಂಡೇ ನಿಮಗೆ ಸುಳ್ಳು ಹೇಳ್ದೆ. ನೀವು ಆ ಕಡೆ ಹೋದ್ರೆ ಸಾಕು, ಕಣ್ಣು ಮುಚ್ತಾರೆ. ಈಗಲೂ ಮುಚ್ಚಿದೆ, ನೋಡಿ."

ತಂಗಿ ತಲೆಯೆತ್ತಿದಳು. ಕೀಲಿ ಅಡ್ಡವಾಗಿತ್ತು. ಅವಳ ನಗು ನಿಂತಿತು. ಪೆಡಲ್ ಮೇಲಿದ್ದ ಕಾಲನ್ನು ಮೆಲ್ಲಗೆ ಎತ್ತಿ ಸ್ಟೂಲಿನ ಕೆಳಗೆ ಎಳೆದುಕೊಂಡಳು.