ಪೂರ್ವದ ಗೋಡೆ ಮತ್ತು ಫುಲ್ಕ್ರಾನ್

ಮಳೆಯಲ್ಲಿ ಸತ್ತಿದ್ದರೆ ಹೇಗೋ ಅರ್ಥ ಮಾಡಿಕೊಳ್ಳುತ್ತಿದ್ದೆ. ಆದರೆ ಮಳೆ ನಿಂತು ಎರಡು ದಿನವಾಗಿತ್ತು. ಚೆನ್ನಾಗಿ ಬಿಸಿಲು ಬಿದ್ದಿತ್ತು, ಹೆಂಗಸರು ಕಿಟಕಿಗಳಲ್ಲಿ ದುಪ್ಪಟಿ ಒಣಹಾಕಿದ್ದರು. ಅಂಥ ಬೆಳಗ್ಗೆ ಫುಲ್ಕ್ರಾನ್ ಮಜೆಲ್ ಸತ್ತ. ಹನ್ನೊಂದು ದಿನ ಕಳೆದಿದೆ.

ರೋಕ್‌ವಿಯೆಲ್ ಬಂಡೆಯ ನೆತ್ತಿಯ ಮೇಲಿರುವ ಊರು. ಇಲ್ಲಿ ಬಂಡೆ ಬಿಟ್ಟರೆ ನಮ್ಮದು ಅನ್ನುವ ಮಣ್ಣಿಲ್ಲ. ಚರ್ಚಿನ ಅಂಗಳ, ತರಕಾರಿ ಮಡಿಗಳು, ಸ್ಮಶಾನ, ಎಲ್ಲಕ್ಕೂ ಹಿಂದಿನವರು ಹೊಳೆದಂಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದರು. ಆ ಮಣ್ಣು ಜಾರದಂತೆ ಹಿಡಿದಿರುವುದು ಪೂರ್ವದ ಗೋಡೆ. ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ನಡುವೆ ಸಂದು. ಆ ಸಂದುಗಳಿಂದಲೇ ಮಳೆನೀರು ಬಸಿದು ಹೋಗುತ್ತದೆ.

ಮೂವತ್ತು ವರ್ಷ ಶಾಲೆಯಲ್ಲಿ ನಾನು ಹೇಳಿಕೊಟ್ಟದ್ದು ಬೇರೆ. ಇಂಗ್ಲಿಷ್ ಸೈನಿಕರನ್ನು ತಡೆಯಲು ಕಟ್ಟಿದ ಕೋಟೆಗೋಡೆ ಇದು ಎಂದು ಊರಿನ ಇತಿಹಾಸದ ಪುಸ್ತಿಕೆಯಲ್ಲೂ ಬರೆದಿದ್ದೆ. ಕಲ್ಲುಕೆಲಸದ ಫುಲ್ಕ್ರಾನ್ ಅದನ್ನು ಓದಿ, ನನ್ನ ತೋಳು ಹಿಡಿದು ಗೋಡೆಯ ಬುಡಕ್ಕೆ ಕರೆದೊಯ್ದ.

“ನೋಡು ಮೇಷ್ಟ್ರೇ, ಹೆಂಗೆ ಒಳಗಡೆ ವಾಲಿದೆ. ಮೂಟೆಗೆ ಬೆನ್ನು ಕೊಟ್ಟು ನಿಂತೋನ ಥರ. ಇದು ತಡೀತಿರೋದು ಇಂಗ್ಲಿಷರನ್ನಲ್ಲ, ನಿನ್ನ ಈರುಳ್ಳಿ ಮಡೀನ.”

ಮುಂದಿನ ಮುದ್ರಣದಲ್ಲಿ ನಾನು ಆ ಪುಟ ತಿದ್ದಿದೆ. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಅವನು ಕಲ್ಲನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ, ಬೇಕಾದರೆ ಇಡುತ್ತಿದ್ದ, ಇಲ್ಲವಾದರೆ ಬಿಸಾಡುತ್ತಿದ್ದ. ತನ್ನ ಮದುವೆಯಲ್ಲೂ ಉಗುರಿನ ಸುಣ್ಣದ ಕಲೆ ಹೋಗಿರಲಿಲ್ಲ ಎಂದು ಹೆಂಡತಿ ರೋಸೆಟ್ ಈಗಲೂ ಹೇಳುತ್ತಾಳೆ. ಪ್ರತಿ ಶರತ್ಕಾಲದ ಮೊದಲ ಮಳೆಯ ಮರುದಿನ ಗೋಡೆಯ ಬುಡದಲ್ಲಿ ನಡೆಯುತ್ತ ಸಂದುಗಳಿಗೆ ಕಬ್ಬಿಣದ ಸರಳು ಹಾಕಿ ನೋಡುತ್ತಿದ್ದ. ಕೆಂಪು ನೀರು ದಾರದಂತೆ ಇಳಿದರೆ ಸಮಾಧಾನ. ಈ ಕೆಲಸವನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಪ್ರತಿ ಮನೆಯವರೂ ತಮ್ಮ ತೋಟದ ಕೆಳಗಿನ ಗೋಡೆಯ ಕಳೆ ಕೀಳುವುದು ನಮ್ಮೂರ ಪದ್ಧತಿ. ಎರಡು ವರ್ಷದ ಹಿಂದೆ ಹಾಗೆ ಕೀಳುವಾಗ ಸಂದಿನಿಂದ ಹಾವು ಬಂದಿತು. ಅದೇ ಬೇಸಿಗೆಯಲ್ಲಿ ಚೆಂದದ ಊರುಗಳ ಸ್ಪರ್ಧೆಯವರು ಬರುವವರಿದ್ದರು. ಸಂದುಗಳಿಗೆಲ್ಲ ಸಿಮೆಂಟು ತುಂಬಿಸೋಣ, ಹಾವೂ ಇಲ್ಲ ಕಳೆಯೂ ಇಲ್ಲ ಎಂದ ಮೇಯರ್ ಬೊನಾಫು. ಮೇಯರ್ ಸೇರಿ ಊರಸಭೆಯ ಒಂಬತ್ತು ಮಂದಿಯೂ ಕೈ ಎತ್ತಿದರು. ಆ ಕೈಗಳಲ್ಲಿ ನನ್ನದೂ ಒಂದು. ನಿರ್ಣಯವನ್ನು ಒಳ್ಳೆಯ ಭಾಷೆಯಲ್ಲಿ ಬರೆದುಕೊಟ್ಟವನೂ ನಾನೇ.

ಫುಲ್ಕ್ರಾನ್ ಬಾಗಿಲಲ್ಲಿ ನಿಂತಿದ್ದ. ಮೂರರಲ್ಲಿ ಒಂದು ಸಂದನ್ನಾದರೂ ಬಿಡಿ ಎಂದು ಕೇಳಿದ.

“ಆರ್ನೂರು ವರ್ಷದ ಗೋಡೆ ಕಣಯ್ಯಾ,” ಎಂದ ಬೊನಾಫು. “ನಿನ್ನ ಅಪ್ಪಣೆ ಕೇಳಿ ನಿಂತಿದ್ಯಾ?”

“ಇಲ್ಲ. ಇಷ್ಟು ವರ್ಷ ಯಾರೂ ಅದರ ಬಾಯಿ ಮುಚ್ಚಿರಲಿಲ್ಲ, ಅದಕ್ಕೆ ನಿಂತಿದೆ.”

ಎಲ್ಲರೂ ನಕ್ಕೆವು. ಸಂಜೆ ಅವನು ಎಂದಿನಂತೆ ನಮ್ಮನೆಗೆ ಇಸ್ಪೀಟಾಡಲು ಬಂದ. ಎಲೆ ಹಂಚುತ್ತ ಹೇಳಿದ: “ಚೆನ್ನಾಗಿ ಬರ್ದಿದೀಯ ಮೇಷ್ಟ್ರೇ. ನೀರಿಗೆ ಓದೋಕೆ ಬರ್ತಿದ್ರೆ ಒಳ್ಳೇದಿತ್ತು.”

ನಮಗೆ ಬಹುಮಾನ ಬಂತು. ಊರಬಾಗಿಲಲ್ಲಿ ಫಲಕ ನಿಂತಿತು.

ಈ ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಸುರಿಯಿತು. ಮಳೆ ನಿಂತ ಮೇಲೂ ಗೋಡೆಯಿಂದ ಒಂದು ಹನಿ ಹೊರಬರಲಿಲ್ಲ. ಮಂಗಳವಾರ, ಚರ್ಚಿನ ಅಂಗಳದಲ್ಲಿ ಸಂತೆ ಸೇರುವ ದಿನ, ಬೆಳಗ್ಗೆ ಎಂಟು ಗಂಟೆಗೆ ಅವನು ನಮ್ಮ ಬಾಗಿಲು ತಟ್ಟಿದ.

“ಗೋಡೆ ಹೊಟ್ಟೆ ಬಿಟ್ಟಿದೆ. ಅಂಗಳದಲ್ಲಿ ಒಬ್ಬರೂ ಇರಬಾರ್ದು, ಎಬ್ಬಿಸು. ನಾನು ಕೆಳಗೆ ನಾಲ್ಕು ಕಿಂಡಿ ತೆಗೀತೀನಿ, ನೀರು ಇಳೀಲಿ.”

ಕೆಳಗೆ ಹೋಗಬೇಡ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ. ಓಡಿ ಸಂತೆಯವರನ್ನು ಎಬ್ಬಿಸಿದೆ. ಈಗಷ್ಟೇ ಜೋಡಿಸಿದೀನಿ, ನಿಮಗೇನು ಬಂತು ಎಂದು ಚೀಸ್ ಮಾರುವವಳು ಬೈದಳು. ಅವಳ ಕೊಡೆ ಮಡಚಲು ಕೈಕೊಡುತ್ತಿದ್ದೆ. ಕೆಳಗಿನಿಂದ ಉಳಿಯ ಸದ್ದು ಕೇಳುತ್ತಿತ್ತು, ಟಕ್, ಟಕ್. ಆಮೇಲೆ ಗಾಡಿ ತುಂಬ ಜಲ್ಲಿ ಸುರಿದಂಥ ಸದ್ದು, ಅಷ್ಟೇನೂ ಜೋರಲ್ಲ. ತಿರುಗಿ ನೋಡಿದರೆ ಅರ್ಧ ಅಂಗಳ ಇರಲಿಲ್ಲ. ಅಲ್ಲಿ ಕಣಿವೆಯ ದೂರದ ದ್ರಾಕ್ಷಿತೋಟಗಳು ಕಾಣುತ್ತಿದ್ದವು. ಎಂದೂ ಅಲ್ಲಿಂದ ಕಾಣದ ತೋಟಗಳು. ಚೀಸಿನವಳು ನನ್ನ ಕೋಟನ್ನು ಬಿಗಿಯಾಗಿ ಹಿಡಿದಿದ್ದಳು. ಉಳಿಯ ಸದ್ದು ನಿಂತಿದೆ ಎಂಬುದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅಂಗಳದಲ್ಲಿದ್ದ ಯಾರಿಗೂ ಗಾಯವಾಗಲಿಲ್ಲ. ಅವನನ್ನು ಹೊರತೆಗೆದದ್ದು ಮಧ್ಯಾಹ್ನ. ಬಿದ್ದ ಕಲ್ಲುಗಳಿಗೆ ಸಿಮೆಂಟು ಹಾಗೇ ಅಂಟಿಕೊಂಡಿತ್ತು.

ಮಣ್ಣಾದ ಮೂರನೆಯ ದಿನ ಬೊನಾಫು ಬಂದ. ಜಿಲ್ಲಾ ಕಚೇರಿಗೆ ವರದಿ ಕಳಿಸಬೇಕಂತೆ, ನಾನು ಬರೆದುಕೊಡಬೇಕಂತೆ. ಹಳೆಯ ಗೋಡೆ, ಅತಿವೃಷ್ಟಿ, ಮೃತರು ಅನುಮತಿಯಿಲ್ಲದೆ ಕಲ್ಲು ಕೀಳುತ್ತಿದ್ದರು: ಇವಿಷ್ಟು ಇದ್ದರೆ ಸಾಕು ಎಂದ. ಅವನ ಕಣ್ಣೂ ಕೆಂಪಾಗಿತ್ತು. ನಾನು ಆ ಮಾತನ್ನು ರೋಸೆಟ್‌ಗೆ ಮುಟ್ಟಿಸಿದೆ. ಅವಳು ಬೀನ್ಸ್ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ನೀನೇ ಬರಿ. ಈ ಸಲ ಅವನು ಹೇಳಿದ್ದನ್ನ ಬರಿ.”

ಬರೆದೆ. ಗೋಡೆ ಸೋಲಲಿಲ್ಲ, ಅದರ ಬಾಯಿಯನ್ನು ನಾವು ಮುಚ್ಚಿದೆವು, ಬೇಡ ಎಂದವನೊಬ್ಬನೇ ಅದರ ಅಡಿಯಲ್ಲಿ ಸತ್ತ ಎಂದು ಬರೆದೆ. ಕೈ ಎತ್ತಿದ ಒಂಬತ್ತು ಮಂದಿಯ ಹೆಸರು ಹಾಕಿ, ನನ್ನದನ್ನು ಮೊದಲಿಗಿಟ್ಟೆ. ಬೊನಾಫು ನಿಂತುಕೊಂಡೇ ಎರಡು ಸಲ ಓದಿದ. ಕುರ್ಚಿ ಎಳೆದು ಕೂತ. ತನ್ನ ಹೆಸರಿನ ಮುಂದೆ ಸಹಿ ಹಾಕಿ ಹೋದ.

ಉಳಿದ ಏಳು ಮಂದಿ ಸಹಿ ಹಾಕಲು ಇನ್ನೂ ಬಂದಿಲ್ಲ.